ಪಾರ್ಶ್ವವಾಯು: ಜೀವ ಉಳಿದರಷ್ಟೇ ಸಾಕೇ?

ಪಾರ್ಶ್ವವಾಯುವಿಗೆ ತುತ್ತಾದ ರೋಗಿ ಆಸ್ಪತ್ರೆಯಿಂದ ಜೀವಂತ ಮರಳಿದರೆ ಗಂಡಾಂತರ ಕಳೆಯಿತೆಂದು ಮನೆಮಂದಿ ಭಾವಿಸುವುದು ಸಹಜ. ಆದರೆ ಎದ್ದು ನಡೆಯಲಾಗದ, ತುತ್ತು ಬಾಯಿಗೊಯ್ಯಲಾಗದ, ಮಾತು ಹೊರಡದ ಬದುಕಿನ ಸಂಕಷ್ಟ ಆರಂಭವಾಗುವುದು ಆ ಬಳಿಕವೇ.

ಈ ವೈಕಲ್ಯ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಮಿದುಳಿಗಾದ ಹಾನಿಯೊಂದೇ ನಿರ್ಧರಿಸುವುದಿಲ್ಲ. ಹೆಚ್ಚಿದ ವಯಸ್ಸು, ಹಿಂದೊಮ್ಮೆ ಆಗಿದ್ದ ಆಘಾತ, ಮಧುಮೇಹ, ನಂತರ ಕಾಡುವ ಖಿನ್ನತೆ ಇವೆಲ್ಲವೂ ಚೇತರಿಕೆಗೆ ಅಡ್ಡಿಯಾಗುತ್ತವೆ. ವಿಳಂಬ ಮತ್ತೊಂದು ಕಾರಣ. ರಕ್ತನಾಳದಲ್ಲಿ ಹೆಪ್ಪುಗಟ್ಟಿ ಉಂಟಾಗುವ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುನ್ನ ಮಿದುಳಿನ ಸ್ಕ್ಯಾನಿಂಗ್ ಆಗಬೇಕು. ಸ್ಕ್ಯಾನಿಂಗ್ ಸೌಲಭ್ಯವಿಲ್ಲದ ಊರಿನ ರೋಗಿಗೆ ಈ ಅವಧಿ ದಾರಿಯಲ್ಲೇ ಕಳೆದುಹೋಗಬಹುದು.

ಈ ನಿಟ್ಟಿನಲ್ಲಿ ರಾಜ್ಯದಲ್ಲಿ ಪ್ರಯತ್ನವೇ ನಡೆದಿಲ್ಲವೆಂದಲ್ಲ. ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಆರಂಭವಾದ ಮಿದುಳು ಆರೋಗ್ಯ ಕಾರ್ಯಕ್ರಮದಡಿ ಪ್ರಾಥಮಿಕ ಹಂತದ ವೈದ್ಯರಿಗೆ ಪಾರ್ಶ್ವವಾಯು ಸೇರಿದಂತೆ ನರರೋಗಗಳನ್ನು ಗುರುತಿಸುವ ತರಬೇತಿ ನೀಡಲಾಗಿದೆ. ಆದರೆ ರೋಗಿ ಮನೆ ಸೇರಿದ ನಂತರದ ಹೊಣೆ ಯಾರದೆಂಬ ಪ್ರಶ್ನೆ ಹಾಗೆಯೇ ಉಳಿದಿದೆ. 2018ರಲ್ಲಿ ಜಾರಿಗೆ ಬಂದ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ವೆಚ್ಚ ಭರಿಸುತ್ತದೆ. ಬಿಡುಗಡೆಯ ನಂತರದ ವೆಚ್ಚಕ್ಕೆ ಅದರಲ್ಲಿರುವ ಅವಕಾಶ 15 ದಿನ. ಕೈಕಾಲುಗಳ ಶಕ್ತಿ ಬಹುಪಾಲು ಮರಳುವುದಾದರೋ ಮೊದಲ ಕೆಲವು ತಿಂಗಳುಗಳಲ್ಲಿ. ಫಿಸಿಯೋಥೆರಪಿ ತಪ್ಪದೆ ನಡೆಯಬೇಕಾದುದೂ ಆಗಲೇ.

ಮನೆಯವರೇ ವ್ಯಾಯಾಮ ಮಾಡಿಸಿದರೆ ಸಾಲದೇ ಎಂಬ ಪ್ರಶ್ನೆಗೂ ಉತ್ತರವಿದೆ. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳನ್ನು ಒಳಗೊಂಡು ನಡೆದ ಅಧ್ಯಯನವೊಂದರ ಫಲಿತಾಂಶ 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಕುಟುಂಬದವರಿಗೆ ಆರೈಕೆಯ ವಿಶೇಷ ತರಬೇತಿ ಕೊಡಲಾಗಿತ್ತು, ಇನ್ನೊಂದಕ್ಕೆ ಎಂದಿನ ಚಿಕಿತ್ಸೆ ಮಾತ್ರ. ಆರು ತಿಂಗಳ ನಂತರ ಎರಡೂ ಗುಂಪುಗಳಲ್ಲಿ ಶೇ 47ರಷ್ಟು ಮಂದಿ ಮೃತಪಟ್ಟಿದ್ದರು ಇಲ್ಲವೇ ಪರಾವಲಂಬಿಗಳಾಗಿದ್ದರು.

ಇದು ಕುಟುಂಬಗಳ ವೈಫಲ್ಯವಲ್ಲ. ತಜ್ಞರ ಕೆಲಸವನ್ನು ಮನೆಯವರ ಹೆಗಲಿಗೆ ದಾಟಿಸಿ ಸರ್ಕಾರ ಕೈತೊಳೆದುಕೊಳ್ಳಲಾಗದು ಎಂಬುದಕ್ಕೆ ಪುರಾವೆ. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿದ್ದವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ವಿಶೇಷ ಸವಲತ್ತು ಒದಗಿಸುತ್ತದೆ, ನಿಜ. ಆದರೆ ಪ್ರಮಾಣಪತ್ರ ಕೊಡುವುದಕ್ಕಿಂತ ವೈಕಲ್ಯವನ್ನು ತಗ್ಗಿಸುವುದು ಮೇಲು. ಹಾಗಾಗಬೇಕಾದರೆ ತಾಲ್ಲೂಕು ಆಸ್ಪತ್ರೆಯಲ್ಲೇ ನುರಿತ ಫಿಸಿಯೋಥೆರಪಿಸ್ಟ್ ಇರಬೇಕು, 15 ದಿನಗಳ ಗಡುವು ತಿಂಗಳುಗಳಿಗೆ ವಿಸ್ತರಿಸಬೇಕು.