ಮೂಡೆಯ ಎಲೆಗೆ ಚೌಕಾಸಿ ಯಾಕೆ?

ಅಷ್ಟಮಿ ಬಂತೆಂದರೆ ನಮ್ಮ ಕರಾವಳಿಯವರ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲೆಲ್ಲ ಮೂಡೆಯದ್ದೇ ಫೋಟೊ. ನಾನೂ ಹಾಕುತ್ತಿದ್ದವನೇ. ಆದರೆ ಮೂಡೆಯ ಎಲೆ ಕಟ್ಟಲು ಕುಳಿತದ್ದು ಮಾತ್ರ ಕಳೆದ ವರ್ಷ, ಡಿಗ್ರಿ ಮುಗಿದು ಕೆಲಸ ಸಿಗದೆ ಮನೆಯಲ್ಲಿದ್ದಾಗ.

ಮೂಡೆಯ ಹಿಟ್ಟಿನಲ್ಲಿ ಗುಟ್ಟೇನಿಲ್ಲ. ಅಕ್ಕಿ, ಉದ್ದು, ಉಪ್ಪು, ಹೆಚ್ಚುಕಡಿಮೆ ಇಡ್ಲಿಯದ್ದೇ. ಪರಿಮಳ, ರುಚಿ ಎಲ್ಲ ಎಲೆಯದ್ದು. ಕೇದಗೆ ಜಾತಿಯ ಮುಂಡೇವಿನ ಎಲೆಗೆ ಎರಡೂ ಅಂಚಿನಲ್ಲಿ ಮುಳ್ಳು, ಸಾಲದೆಂಬಂತೆ ನಡುನರದ ಹಿಂಬದಿಯಲ್ಲೂ ಮುಳ್ಳು. ಅಷ್ಟನ್ನೂ ಕತ್ತಿಯಿಂದ ಗೀರಿ ತೆಗೆದು, ಎಲೆಯನ್ನು ಬೆಂಕಿಗೆ ಹಿಡಿದು ಬಾಡಿಸಿ, ಕೊಳವೆಯ ಹಾಗೆ ಸುತ್ತಿ, ತೆಂಗಿನ ಗರಿಯ ಕಡ್ಡಿ ಚುಚ್ಚಬೇಕು. ಬುಡ ಸರಿಯಾಗಿ ಮುಚ್ಚದಿದ್ದರೆ ಹಿಟ್ಟೆಲ್ಲ ಅಟ್ಟದ ನೀರಿಗೆ. ನನ್ನ ಮೊದಲ ದಿನದ ಮೂಡೆಗಳ ಗತಿ ಅದೇ ಆಯಿತು. ಅಜ್ಜಿ ಮಾತ್ರ ಟಿವಿ ನೋಡುತ್ತಲೇ ರಾಶಿ ಹಾಕಿದರು.

ಅದನ್ನು ಮಾರಲು ಅಮ್ಮನ ಜತೆ ಪೇಟೆಗೆ ಹೋದೆ. ಕಾಲೇಜಿನವರು ಯಾರಾದರೂ ನೋಡಿದರೆ ಎಂದು ಮೊದಲು ಮುಖ ತಗ್ಗಿಸಿ ಕುಳಿತದ್ದು ನಿಜ. ಕಾರಿನಿಂದಿಳಿದ ಒಬ್ಬರು, "ಎಲೆ ತಾನೇ, ತೋಡಿನ ಬದಿಯಲ್ಲಿ ಬಿಟ್ಟಿ ಸಿಗ್ತದಲ್ಲ?" ಎಂದು ಐದು ರೂಪಾಯಿಗೆ ಚೌಕಾಸಿ ಮಾಡಿದರು. ಅವರ ಕೈಯಲ್ಲಿದ್ದದ್ದು ಬೇಕರಿಯ ದೊಡ್ಡ ಪೊಟ್ಟಣ. ಅಲ್ಲಿ ಚೌಕಾಸಿ ಮಾಡಿರಲಿಕ್ಕಿಲ್ಲ. ಅಮ್ಮ ಏನೂ ಹೇಳದೆ ಕಟ್ಟಿಕೊಟ್ಟರು. ಆ ಹೊತ್ತಿಗೆ ನನ್ನ ನಾಚಿಕೆ ಹೋಗಿ ಸಿಟ್ಟು ಬಂದಿತ್ತು.

ಬಿಟ್ಟಿ ಸಿಗುವ ಕಾಲವೂ ಹೋಯಿತು. ನಮ್ಮೂರ ತೋಡಿಗೆ ಕಾಂಕ್ರೀಟ್ ತಡೆಗೋಡೆ ಕಟ್ಟುವಾಗ ಮುಂಡೇವಿನ ಪೊದೆಗಳನ್ನು ಬುಡಸಮೇತ ಕಿತ್ತರು. ದಡದ ಮಣ್ಣನ್ನು ಹಿಡಿದಿಟ್ಟದ್ದೇ ಆ ಬೇರುಗಳು. ಈಗ ಎಲೆಗೆಂದು ಅಮ್ಮ ಬಸ್ಸು ಹತ್ತಬೇಕು. ಸ್ಟೀಲ್ ಲೋಟದಲ್ಲಿ ಬೇಯಿಸಿದರಾಯಿತು ಎನ್ನುವವರಿದ್ದಾರೆ. ಹಸಿವಿಗೆ ಅದೂ ಆದೀತು. ಆದರೆ ಇಡೀ ದಿನ ಉಪವಾಸವಿದ್ದು, ಚಂದ್ರೋದಯಕ್ಕೆ ಕೃಷ್ಣನಿಗೆ ಅರ್ಘ್ಯ ಕೊಟ್ಟ ಮೇಲೆ, ಬೆಲ್ಲದ ಕಾಯಿಹಾಲಿಗೆ ಮೂಡೆ ಮುರಿದು ಹಾಕುವಾಗ ಏಳುವ ಪರಿಮಳ ಲೋಟದಿಂದ ಬರುವುದಿಲ್ಲ.

ನಮ್ಮ ಕಾಲೇಜುಗಳಲ್ಲಿ 'ಆಟಿಡೊಂಜಿ ದಿನ' ಜೋರಾಗಿ ನಡೆಯುತ್ತದೆ. ಸೀರೆ, ಪಂಚೆ, ಸೆಲ್ಫಿ, ಊಟ. ಅದೇ ದಿನ ಎಲೆ ಕಟ್ಟಲು ಒಂದು ಗಂಟೆ ಇಡಬಾರದೇ? ಕಲಿಸಲು ಮೂಡೆ ಮಾರುವ ಹೆಂಗಸರನ್ನೇ ಕರೆಯಲಿ, ಉಳಿದ ಅತಿಥಿಗಳಿಗೆ ಕೊಡುವ ಗೌರವಧನವನ್ನೇ ಕೊಡಲಿ. ಹತ್ತಿರದ ತೋಡಿನ ಬದಿಗೆ ನಾಲ್ಕು ಮುಂಡೇವಿನ ಕಂದು ನೆಡಲಿ.

ಈ ಅಷ್ಟಮಿಗೂ ಅಮ್ಮನ ಜತೆ ಪೇಟೆಯಲ್ಲಿ ಕುಳಿತಿರುತ್ತೇನೆ. ಸಂದರ್ಶನದ ಕರೆ ಬಂದರೆ ಮಾತ್ರ ಅಜ್ಜಿ ಬರುತ್ತಾರಂತೆ. ಅವರು ಐದು ರೂಪಾಯಿ ಬಿಡುವವರಲ್ಲ.