ಬಂದೂಕಿನ ಕಾರ್ಖಾನೆಯ ವಲಸೆ

ಕಾನೂನು ಬಿಗಿಯಾದರೆ ಬಂದೂಕಿನ ಕಾರ್ಖಾನೆ ಬೇರೆ ರಾಜ್ಯಕ್ಕೆ ತೆರಳುವುದು ಸರಿಯೇ? ಅಮೆರಿಕದ ಸ್ಮಿತ್ ಅಂಡ್ ವೆಸ್ಸನ್ ಸಂಸ್ಥೆ ತೆರಳಿತು. ಕೆಲವು ಬಗೆಯ ಬಂದೂಕುಗಳ ತಯಾರಿಕೆಯನ್ನೇ ತಡೆಯುವ ಮಸೂದೆಯೊಂದು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮಂಡನೆಯಾದುದನ್ನು ಕಾರಣವಾಗಿ ಹೇಳಿ, 2021ರಲ್ಲಿ ಸ್ಥಳಾಂತರವನ್ನು ಸಾರಿತು. 2023ರಲ್ಲಿ ಟೆನೆಸ್ಸಿ ರಾಜ್ಯದಲ್ಲಿ ನೆಲೆಯೂರಿತು. ಸ್ಪ್ರಿಂಗ್‌ಫೀಲ್ಡ್ ನಗರದ ನೂರಾರು ಕಾರ್ಮಿಕರ ಕೆಲಸಕ್ಕೆ ಕುತ್ತು ಬಂದಿತು. ದುಡಿಮೆಗಾಗಿ ಹೈದರಾಬಾದಿಗೆ ವಲಸೆ ಹೋಗುವ ಔರಾದ, ಭಾಲ್ಕಿಯ ಕುಟುಂಬಗಳಿಗೆ ಆ ಸಂಕಟವನ್ನು ವಿವರಿಸಬೇಕಿಲ್ಲ.

ನಮ್ಮಲ್ಲಿ ಇಂಥ ವಲಸೆಯಿಂದ ಫಲವಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಇಡೀ ದೇಶಕ್ಕೆ ಒಂದೇ. ಔರಾದದ ಗಡಿಯಾಚೆ ಮಹಾರಾಷ್ಟ್ರದಲ್ಲಿಯೂ ತೆಲಂಗಾಣದಲ್ಲಿಯೂ ಅದೇ. (ಕೊಡವರಿಗಿರುವ ವಿನಾಯಿತಿ ಬಂದೂಕು ಹೊಂದುವುದಕ್ಕೇ ಹೊರತು ತಯಾರಿಸುವುದಕ್ಕಲ್ಲ.) ಇದು ಹೀಗೆಯೇ ಇರತಕ್ಕದ್ದು. ಏಕೆಂದರೆ ಗುಂಡಿಗೆ ಗಡಿಯಿಲ್ಲ. 2025ರ ಜನವರಿ 16ರಂದು ಬೀದರ ನಗರದಲ್ಲಿ ಹಾಡಹಗಲೇ ಎಟಿಎಂ ಹಣದ ವಾಹನದ ಸಿಬ್ಬಂದಿಯೊಬ್ಬರನ್ನು ಕೊಂದ ದರೋಡೆಕೋರರು ಅದೇ ದಿನ ಹೈದರಾಬಾದಿನಲ್ಲಿಯೂ ಗುಂಡು ಹಾರಿಸಿದರು.

ಉದ್ಯೋಗ ಹೋದೀತೆಂಬ ಬೆದರಿಕೆಗೆ ಶಾಸಕರು ಮಣಿಯಕೂಡದು. ಕೆಲಸ ಕಳೆದುಕೊಂಡವರಿಗೆ ಬೇರೆ ದುಡಿಮೆ ಒದಗಿಸುವ ಹೊಣೆಯೂ ಅವರದೇ. ಅದೇ ಸಂಸ್ಥೆಯ ಷೇರುಗಳನ್ನು ಹೊಂದಿದ್ದ ಅಮೆರಿಕದ ಕಥೋಲಿಕ ಧರ್ಮಭಗಿನಿಯರು 2023ರಲ್ಲಿ ಅದರ ನಿರ್ದೇಶಕರ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. ಕಾರ್ಖಾನೆ ಯಾವ ರಾಜ್ಯದಲ್ಲಿದೆ ಎಂಬುದು ಅವರ ತಕರಾರಾಗಿರಲಿಲ್ಲ. ಅದು ಎಂತಹ ಬಂದೂಕುಗಳನ್ನು ತಯಾರಿಸಿ ಮಾರುತ್ತಿದೆ ಎಂಬುದಾಗಿತ್ತು.