ಕೇಸಿದ್ದವರು ಸಂಸದರಾಗಬಹುದು, ಕಾನ್‌ಸ್ಟೇಬಲ್ ಆಗಬಾರದೇ?

ಸರ್ಕಾರಿ ಕೆಲಸಕ್ಕೆ ಆಯ್ಕೆಯಾದವರಿಗೆ ಒಂದು ದೃಢೀಕರಣ ಪತ್ರ ತುಂಬಲು ಕೊಡ್ತಾರೆ. ಕೇಂದ್ರ ಸರ್ಕಾರದ ಪತ್ರದಲ್ಲಿ ಸಾಲಾಗಿ ಪ್ರಶ್ನೆಗಳಿರುತ್ತವೆ. ನಿಮ್ಮನ್ನು ಯಾವಾಗಲಾದರೂ ಬಂಧಿಸಲಾಗಿತ್ತೇ? ನಿಮ್ಮ ಮೇಲೆ ಮೊಕದ್ದಮೆ ಹೂಡಲಾಗಿತ್ತೇ? ದಂಡ ಕಟ್ಟಿದ್ದೀರಾ? ಶಿಕ್ಷೆಯಾಗಿದೆಯೇ? ಈಗ ಯಾವುದಾದರೂ ಕೇಸು ಬಾಕಿ ಇದೆಯೇ? ಇದರ ಜೊತೆಗೆ ಒಂದು ಎಚ್ಚರಿಕೆಯೂ ಇರುತ್ತೆ: ಸುಳ್ಳು ಹೇಳಿದರೆ ಅಥವಾ ಮುಚ್ಚಿಟ್ಟರೆ ಕೆಲಸ ಹೋಗುತ್ತೆ.

ಸುಳ್ಳು ಹೇಳಬಾರದು, ಸರಿ. ಆದರೆ ನಿಜ ಹೇಳಿದರೆ ಏನಾಗುತ್ತೆ? ಆ ಪತ್ರದಲ್ಲಿ ಇದಕ್ಕೆ ಉತ್ತರ ಇಲ್ಲ. ನಮ್ಮ ಕಾನೂನಿನಲ್ಲೂ ಸರಿಯಾದ ಉತ್ತರ ಇಲ್ಲ. ಸಮಸ್ಯೆ ಇರುವುದೇ ಇಲ್ಲಿ.

ಒಬ್ಬಳು ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ವಿದ್ಯಾರ್ಥಿವೇತನ ಬಂದಿಲ್ಲ ಅಂತ ಗೆಳತಿಯರ ಜೊತೆ ಬೆಂಗಳೂರಿನಲ್ಲಿ ರಸ್ತೆಗಿಳಿಯುತ್ತಾಳೆ. 2021ರ ಆದೇಶದ ಪ್ರಕಾರ ನಗರದಲ್ಲಿ ಪ್ರತಿಭಟನೆಗೆ ಜಾಗ ಫ್ರೀಡಂ ಪಾರ್ಕ್ ಮಾತ್ರ. ಅದರಾಚೆ ನಿಂತಿದ್ದಕ್ಕೆ ಪೊಲೀಸರು ಎಫ್‌ಐಆರ್ ಹಾಕುತ್ತಾರೆ. ಹಿಂದಿನ ಐಪಿಸಿಯಲ್ಲಿ 143, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 189, ಅಂದರೆ ಅಕ್ರಮ ಕೂಟ. ಮೂರು ವರ್ಷ ಕಳೆದು ಅವಳು ಸರ್ಕಾರಿ ಕೆಲಸಕ್ಕೆ ಆಯ್ಕೆಯಾಗುತ್ತಾಳೆ. ಕೇಸು ಇನ್ನೂ ಕೋರ್ಟಿನಲ್ಲಿ ಕೊಳೆಯುತ್ತಿದೆ. ಪತ್ರ ತುಂಬುವಾಗ ಅವಳ ಪೆನ್ನು ನಿಲ್ಲುವುದಿಲ್ಲವೇ?

ಇದು ಬರೀ ಊಹೆಯಲ್ಲ. 2021ರ ಫೆಬ್ರವರಿಯಲ್ಲಿ ಬಿಹಾರ ಪೊಲೀಸ್ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಪ್ರತಿಭಟನೆ, ರಸ್ತೆ ತಡೆಯ ಹೊತ್ತಲ್ಲಿ ಅಪರಾಧ ಎಸಗಿದ ಆರೋಪದ ಮೇಲೆ ಚಾರ್ಜ್‌ಶೀಟ್ ಆದವರ ನಡತೆ ವರದಿಯಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಬೇಕು, ಅಂಥವರು ಸರ್ಕಾರಿ ಕೆಲಸ, ಗುತ್ತಿಗೆಯ ವಿಚಾರದಲ್ಲಿ ಗಂಭೀರ ಪರಿಣಾಮಕ್ಕೆ ಸಿದ್ಧರಿರಬೇಕು ಎಂಬುದು ಅದರ ಸಾರ. 2022ರ ಜೂನ್‌ನಲ್ಲಿ ಅಗ್ನಿಪಥ್ ವಿರುದ್ಧ ಹುಡುಗರು ಬೀದಿಗಿಳಿದಾಗಲೂ ಸೇನೆಯ ಅಧಿಕಾರಿಗಳು ಹೇಳಿದ್ದು ಇದನ್ನೇ: ಗಲಭೆಯಲ್ಲಿ ಇರಲಿಲ್ಲ ಅಂತ ಬರೆದುಕೊಡಬೇಕು, ಎಫ್‌ಐಆರ್ ಇದ್ದರೆ ಸೇರುವಂತಿಲ್ಲ.

ಈಗ ಇನ್ನೊಂದು ಕಡೆ ನೋಡಿ. 2024ರಲ್ಲಿ ಗೆದ್ದ 543 ಲೋಕಸಭಾ ಸದಸ್ಯರಲ್ಲಿ 251 ಮಂದಿ ತಮ್ಮ ಮೇಲೆ ಕ್ರಿಮಿನಲ್ ಕೇಸುಗಳಿವೆ ಅಂತ ತಾವೇ ಅಫಿಡವಿಟ್‌ನಲ್ಲಿ ಬರೆದುಕೊಟ್ಟಿದ್ದಾರೆ. ಎಡಿಆರ್ ಸಂಸ್ಥೆಯ ಲೆಕ್ಕದ ಪ್ರಕಾರ ಅದರಲ್ಲಿ 170 ಮಂದಿಯ ಮೇಲಿರುವುದು ಗಂಭೀರ ಆರೋಪಗಳು. ಜನಪ್ರತಿನಿಧಿ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾದರೆ ಮಾತ್ರ ಅನರ್ಹತೆ, ಅದೂ ಬಿಡುಗಡೆಯಾದ ಆರು ವರ್ಷದ ತನಕ. ಆರೋಪಕ್ಕೂ ಶಿಕ್ಷೆಗೂ ವ್ಯತ್ಯಾಸ ಇದೆ, ಶಿಕ್ಷೆಗೂ ಒಂದು ಕೊನೆ ಇದೆ ಅನ್ನುವ ತತ್ವ ಇದು. ತತ್ವ ಸರಿಯಾಗೇ ಇದೆ. ಆದರೆ ಕಾನೂನು ಮಾಡುವವರಿಗೆ ಸಿಗುವ ಈ ಸೌಲಭ್ಯ ಕಾನ್‌ಸ್ಟೇಬಲ್, ಗುಮಾಸ್ತ, ಸೆಕ್ಯೂರಿಟಿ ಗಾರ್ಡ್ ಕೆಲಸ ಕೇಳುವವರಿಗೆ ಯಾಕಿಲ್ಲ?

"ಮಾಡಬಹುದು" ಅನ್ನುವ ಪದ

ಸುಪ್ರೀಂ ಕೋರ್ಟಿನ ಮುಂದೆ ಇಂಥ ಕೇಸುಗಳು ಸಾಲು ಸಾಲಾಗಿ ಬಂದಿವೆ. ಎರಡನ್ನು ಪಕ್ಕಪಕ್ಕ ಇಡೋಣ. ಎರಡೂ ದೆಹಲಿ ಪೊಲೀಸ್ ನೇಮಕಾತಿಯವು. 2011ರಲ್ಲಿ ತೀರ್ಪು ಬಂದದ್ದು ಅರ್ಜಿಯಲ್ಲಿ ಕೇಸಿನ ವಿಷಯ ಮುಚ್ಚಿಟ್ಟು, ಆಯ್ಕೆಯಾದ ಮೇಲೆ ಹೇಳಿಕೊಂಡ ಯುವಕನದು. ರಾಜಿಯಲ್ಲಿ ಮುಗಿದ ಹೊಡೆದಾಟದ ಕೇಸು. ಹರೆಯದವರು ತಪ್ಪು ಮಾಡುತ್ತಾರೆ, ಜೀವನಪೂರ್ತಿ ಅಪರಾಧಿ ಅನ್ನುವ ಹಣೆಪಟ್ಟಿ ಬೇಡ ಎಂದ ಕೋರ್ಟು ಅವನ ಪರ ನಿಂತಿತು. 2013ರ ತೀರ್ಪು ಕೇಸಿನ ವಿಷಯವನ್ನು ಪ್ರಾಮಾಣಿಕವಾಗಿ ಬರೆದುಕೊಟ್ಟಿದ್ದವರದು. ಕೇಸಿನಿಂದ ಹೊರಬಂದಿದ್ದರೂ ಪರಿಶೀಲನಾ ಸಮಿತಿ ಬೇಡ ಎಂದಿತ್ತು, ಕೋರ್ಟು ಸಮಿತಿಯ ಮಾತನ್ನೇ ಎತ್ತಿಹಿಡಿಯಿತು. ಆರೋಪದ ತೂಕ ಒಂದೇ ಆಗಿರಲಿಲ್ಲ, ನಿಜ. ಆದರೆ ಅರ್ಜಿ ತುಂಬುವ ಹುಡುಗನಿಗೆ ಇದರಿಂದ ಸಿಗುವ ಪಾಠ ಏನು? ಮುಚ್ಚಿಟ್ಟವನು ಗೆದ್ದ, ಹೇಳಿದವನು ಸೋತ.

ಈ ಗೊಂದಲ ಬಿಡಿಸಲು 2016ರ ಜುಲೈನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅವತಾರ್ ಸಿಂಗ್ ಪ್ರಕರಣದಲ್ಲಿ ಸೂತ್ರಗಳನ್ನು ಹಾಕಿಕೊಟ್ಟಿತು. ಎಳೆಯ ವಯಸ್ಸಲ್ಲಿ ಘೋಷಣೆ ಕೂಗಿದ್ದು, ಚಿಲ್ಲರೆ ಅಪರಾಧ ಇಂಥವನ್ನು ಮುಚ್ಚಿಟ್ಟಿದ್ದರೂ ಉದ್ಯೋಗದಾತರು ಕಡೆಗಣಿಸಬಹುದು. ಪತ್ರದಲ್ಲಿ ಕೇಳುವ ಮಾಹಿತಿ ಅಸ್ಪಷ್ಟವಾಗಿರಬಾರದು. ಕಾಯಂ ಆದವರನ್ನು ಇಲಾಖಾ ವಿಚಾರಣೆ ಇಲ್ಲದೆ ತೆಗೆಯಬಾರದು. ಒಳ್ಳೆಯ ಸೂತ್ರಗಳೇ. ಆದರೆ ಮುಖ್ಯವಾದ ಕಡೆಯೆಲ್ಲ ಇರುವುದು "ಮಾಡಬಹುದು". ನಿಜ ಹೇಳಿದವರ, ಕೇಸು ಮುಗಿದವರ ವಿಷಯದಲ್ಲೂ ಹಿನ್ನೆಲೆ ನೋಡುವ ಹಕ್ಕು ಉದ್ಯೋಗದಾತರದು, ಕೆಲಸ ಕೊಡಲೇಬೇಕು ಅಂತ ಒತ್ತಾಯಿಸುವಂತಿಲ್ಲ.

ಅಧಿಕಾರಿಯ ವಿವೇಚನೆಗೆ ಬಿಟ್ಟರೆ ಏನಾಗುತ್ತೆ? ತನ್ನ ತಲೆ ಉಳಿಸಿಕೊಳ್ಳುವ ಅಧಿಕಾರಿ "ಬೇಡ" ಅಂತ ಬರೆದು ಫೈಲು ಮುಚ್ಚುತ್ತಾನೆ. ಕೆಲಸ ಕೊಟ್ಟು ಮುಂದೆ ಏನಾದರೂ ಆದರೆ ಕೇಳೋರು ನೂರು ಜನ, ಕೊಡದೇ ಇದ್ದರೆ ಕೇಳೋರು ಯಾರೂ ಇಲ್ಲ. ಆಮೇಲೆ ಉಳಿಯುವುದು ಕೋರ್ಟು. 2004ರಲ್ಲಿ ಕಾನ್‌ಸ್ಟೇಬಲ್ ಕೆಲಸಕ್ಕೆ ಅರ್ಜಿ ಹಾಕಿದ ಉತ್ತರ ಪ್ರದೇಶದ ಯುವಕನೊಬ್ಬನಿಗೆ, ಅದೇ ವರ್ಷ ಕೇಸಿನಲ್ಲಿ ಖುಲಾಸೆಯಾಗಿದ್ದರೂ, ಸುಪ್ರೀಂ ಕೋರ್ಟಿನಿಂದ ನ್ಯಾಯ ಸಿಕ್ಕಿದ್ದು 2024ರ ಫೆಬ್ರವರಿಯಲ್ಲಿ. ಹತ್ತಿರ ಹತ್ತಿರ ಇಪ್ಪತ್ತು ವರ್ಷ. ಅಷ್ಟು ದಿನ ಲಾಯರ್ ಫೀಸು ಕಟ್ಟಿಕೊಂಡು ಕಾಯುವ ತಾಕತ್ತು ಎಷ್ಟು ಮನೆಗಳಿಗಿದೆ?

ಖಾಸಗಿಯಲ್ಲಿ ಕಾರಣವನ್ನೂ ಹೇಳಲ್ಲ

ಖಾಸಗಿ ಕೆಲಸಗಳಲ್ಲಿ ಇಷ್ಟೂ ಇಲ್ಲ. ಐಟಿ ಕಂಪನಿಯಿಂದ ಹಿಡಿದು ಡೆಲಿವರಿ, ಕ್ಯಾಬ್, ಸೆಕ್ಯೂರಿಟಿ ಕೆಲಸದ ತನಕ ಈಗ ಬ್ಯಾಕ್‌ಗ್ರೌಂಡ್ ಚೆಕ್ ಮಾಮೂಲು. ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿದರೆ ಕೇಸು ಸಿಗುತ್ತೆ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಅಂತರ್ಜಾಲಕ್ಕೆ ಹಾಕಬೇಕು ಅಂತ ಸುಪ್ರೀಂ ಕೋರ್ಟು 2016ರಲ್ಲಿ ಹೇಳಿದ್ದು ಆರೋಪಿಗಳ ರಕ್ಷಣೆಗಾಗಿ, ಯಾವ ಕೇಸಲ್ಲಿ ಸಿಲುಕಿದ್ದೇವೆ ಅಂತ ಅವರಿಗೆ ಗೊತ್ತಾಗಲಿ ಅಂತ. ಅದೇ ಮಾಹಿತಿ ಈಗ ಅವರ ಅನ್ನಕ್ಕೆ ಕುತ್ತಾಗುತ್ತಿದೆ. ನಮ್ಮಲ್ಲಿ ಒಂದೇ ಹೆಸರಿನವರು ಒಂದು ಊರಲ್ಲೇ ಹತ್ತು ಜನ ಇರ್ತಾರೆ. ಮಂಜುನಾಥನ ಕೇಸು ಇನ್ನೊಬ್ಬ ಮಂಜುನಾಥನ ತಲೆಗೆ ಬಂದರೆ ಅವನಿಗೆ ಗೊತ್ತಾಗುವುದಾದರೂ ಹೇಗೆ? "ಪ್ರೊಫೈಲ್ ರಿಜೆಕ್ಟ್" ಅಂತ ಒಂದು ಮೆಸೇಜು, ಅಷ್ಟೇ.

ಈ ಬಲೆಯಲ್ಲಿ ಸಿಕ್ಕಿಬೀಳುವವರು ಯಾರು ಅನ್ನುವುದೂ ಮುಖ್ಯ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು, ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. ಕೈದಿಗಳಲ್ಲಿ ಸುಮಾರು ಮೂರನೇ ಎರಡು ಭಾಗ ದಲಿತರು, ಆದಿವಾಸಿಗಳು, ಹಿಂದುಳಿದವರು. ಇನ್ನು 1871ರ ಕಾಯ್ದೆಯಲ್ಲಿ ಬ್ರಿಟಿಷರು "ಹುಟ್ಟು ಅಪರಾಧಿಗಳು" ಎಂದು ಪಟ್ಟಿ ಮಾಡಿದ ಸಮುದಾಯಗಳು 1952ರಲ್ಲಿ ಕಾಗದದ ಮೇಲೆ ವಿಮುಕ್ತರಾದವು. ಊರಲ್ಲಿ ಕಳ್ಳತನವಾದರೆ ಮೊದಲು ಠಾಣೆಗೆ ಕರೆಯುವುದು ಯಾರನ್ನ ಅಂತ ಕೊರಚ, ಕೊರಮರ ಕೇರಿಗಳಲ್ಲಿ ಕೇಳಿ ನೋಡಿ. ಠಾಣೆಯ ಪೂರ್ವಗ್ರಹವೇ ದಾಖಲೆಯಾಗುತ್ತೆ, ಆ ದಾಖಲೆಯೇ ಮುಂದೆ "ನಡತೆ" ಅನ್ನಿಸಿಕೊಳ್ಳುತ್ತೆ.

ನಾಯಕರ ಬೆನ್ನಿಗಿದ್ದವರಿಗೆ ಬೇರೆ ದಾರಿ ಇದೆ. ಅಧಿಕಾರಕ್ಕೆ ಬಂದ ಪಕ್ಷಗಳು ಸಂಪುಟದಲ್ಲಿ ತೀರ್ಮಾನಿಸಿ ತಮಗೆ ಬೇಕಾದವರ ಕೇಸು ವಾಪಸ್ ಪಡೆಯುತ್ತವೆ. ಕರ್ನಾಟಕ ಸರ್ಕಾರ 2024ರ ಅಕ್ಟೋಬರ್‌ನಲ್ಲಿ 43 ಕೇಸುಗಳನ್ನು ಹಿಂಪಡೆಯಲು ಆದೇಶಿಸಿತ್ತು, 2025ರ ಮೇನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಯಾರ ಕೇಸು ವಾಪಸಾಗಬೇಕು ಅನ್ನುವ ಜಗಳದಲ್ಲಿ ಟಿವಿಗಳು ವಾರಗಟ್ಟಲೆ ಮುಳುಗಿದ್ದವು. ಯಾವ ನಾಯಕನೂ ಇಲ್ಲದವರಿಗೆ ನಿಯಮವೇನು ಅಂತ ಕೇಳಿದವರು ಕಮ್ಮಿ.

ಹೊರಗಿನ ಅನುಭವದ ಎರಡು ಪಾಠ

ಬೇರೆ ದೇಶಗಳು ಈ ಪ್ರಶ್ನೆಯನ್ನು ಎದುರಿಸಿವೆ. ಬ್ರಿಟನ್ 1974ರಲ್ಲೇ ಕಾಯ್ದೆ ತಂದಿತು: ಗೊತ್ತಾದ ಅವಧಿ ಕಳೆದ ಮೇಲೆ ಹಳೆಯ ಶಿಕ್ಷೆಯನ್ನು ಹೆಚ್ಚಿನ ಕೆಲಸಗಳಿಗೆ ಹೇಳಿಕೊಳ್ಳಬೇಕಾಗಿಲ್ಲ. ಅಮೆರಿಕದಲ್ಲಿ ಜೈಲಿನಿಂದ ಬಂದವರೇ ಚಳವಳಿ ಕಟ್ಟಿ, ಅರ್ಜಿಯಲ್ಲಿನ ಆ ಪ್ರಶ್ನೆಯನ್ನೇ ತೆಗೆಯಿರಿ ಎಂದರು. 2019ರಲ್ಲಿ ಅಲ್ಲಿನ ಸಂಸತ್ತು ಪಾಸು ಮಾಡಿದ ಕಾಯ್ದೆಯಂತೆ ಒಕ್ಕೂಟ ಸರ್ಕಾರ ಮತ್ತದರ ಗುತ್ತಿಗೆದಾರರು ಷರತ್ತುಬದ್ಧವಾಗಿ ಕೆಲಸ ಕೊಡುವ ತನಕ ಅಪರಾಧ ಹಿನ್ನೆಲೆ ಕೇಳುವಂತಿಲ್ಲ. ನ್ಯೂಯಾರ್ಕ್ ನಗರದಲ್ಲಿ ನಿರಾಕರಿಸುವ ಮುನ್ನ ಲಿಖಿತ ಕಾರಣ ಕೊಡಬೇಕು, ಉತ್ತರಕ್ಕೆ ಕನಿಷ್ಠ ಐದು ಕೆಲಸದ ದಿನ ಕಾಯಬೇಕು. ಇದು ಮೊದಲ ಪಾಠ: ಇದು ಮಾಡಲಾಗದ ಕೆಲಸವೇನಲ್ಲ.

ಎರಡನೆಯದು ಕಹಿ ಪಾಠ. ಅಮಾಂಡಾ ಅಗನ್ ಮತ್ತು ಸೊಂಜಾ ಸ್ಟಾರ್ ಎಂಬ ಸಂಶೋಧಕಿಯರು ನ್ಯೂಜೆರ್ಸಿ ಮತ್ತು ನ್ಯೂಯಾರ್ಕ್ ನಗರದಲ್ಲಿ ಸುಮಾರು 15,000 ಕಾಲ್ಪನಿಕ ಅರ್ಜಿ ಹಾಕಿ ನೋಡಿದರು. ಪ್ರಶ್ನೆ ತೆಗೆದು ಹಾಕುವ ಮುನ್ನ ಬಿಳಿಯರ ಹೆಸರಿನ ಅರ್ಜಿಗಳಿಗೆ ಕಪ್ಪು ಜನರ ಹೆಸರಿನವಕ್ಕಿಂತ ಶೇ. 7ರಷ್ಟು ಹೆಚ್ಚು ಕರೆ ಬರುತ್ತಿತ್ತು. ತೆಗೆದ ಮೇಲೆ ಈ ಅಂತರ ಶೇ. 43ಕ್ಕೆ ಏರಿತು. ದಾಖಲೆ ಕಾಣದ ಮಾಲೀಕರು ಹೆಸರು ನೋಡಿ ಊಹಿಸತೊಡಗಿದ್ದರು. ಹೆಸರು ಕೇಳಿಯೇ ಜಾತಿ, ಧರ್ಮ ಅಳೆಯುವ ನಮ್ಮ ನಾಡಿನಲ್ಲಿ ಇದು ಹೇಗೆ ಆಗಬಹುದು ಅಂತ ವಿವರಿಸಬೇಕಾಗಿಲ್ಲ. ಹಾಗಾಗಿ ಬರೀ ಪ್ರಶ್ನೆ ಅಳಿಸಿದರೆ ಸಾಲದು, ನಿರಾಕರಣೆಗೆ ಕಾರಣ ಕೊಡಲೇಬೇಕು ಅನ್ನುವ ನಿಯಮವೂ ಬೇಕು.

ಏನು ಕೇಳಬೇಕು?

ಕರ್ನಾಟಕ ಮಾಡಬಹುದಾದದ್ದು ಇಷ್ಟು. ಒಂದು, ಆಯ್ಕೆ ಮುಗಿಯುವ ತನಕ ಕೇಸಿನ ವಿಷಯ ಕೇಳಬಾರದು. ಎರಡು, ಖುಲಾಸೆಯಾದ, ರದ್ದಾದ ಕೇಸುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ಶಾಂತಿಯುತ ಪ್ರತಿಭಟನೆಯ ಬಾಕಿ ಕೇಸು ಅಡ್ಡಿಯಾಗಬಾರದು. ಮೂರು, ಶಿಕ್ಷೆಯಾಗಿದ್ದರೆ ಆ ಅಪರಾಧಕ್ಕೂ ಈ ಕೆಲಸಕ್ಕೂ ಏನು ಸಂಬಂಧ, ಎಷ್ಟು ವರ್ಷವಾಯಿತು ಅಂತ ನೋಡಬೇಕು. ನಾಲ್ಕು, ಬೇಡ ಎನ್ನುವುದಾದರೆ ವರದಿಯ ಪ್ರತಿ, ಲಿಖಿತ ಕಾರಣ, ಉತ್ತರಿಸಲು ಸಮಯ ಕೊಡಬೇಕು.

ಇದೆಲ್ಲ ತೀರಾ ಹೊಸದೇನಲ್ಲ. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್, ಕೆಲವು ಅಪವಾದ ಬಿಟ್ಟರೆ, ಬಾಲ್ಯದ ಅಪರಾಧ ಮುಂದಿನ ಬದುಕಿಗೆ ಅನರ್ಹತೆಯಾಗಬಾರದು ಅಂತಲೇ ಹೇಳುತ್ತೆ. ಗಿಗ್ ಕಾರ್ಮಿಕರನ್ನು ತೆಗೆಯುವ ಮುನ್ನ ಕಾರಣ ಕೊಟ್ಟು 14 ದಿನಗಳ ನೋಟಿಸ್ ನೀಡಬೇಕು ಅನ್ನುವ ನಿಯಮವನ್ನು ನಮ್ಮದೇ ರಾಜ್ಯ 2025ರಲ್ಲಿ ತಂದಿದೆ. ಕೆಲಸದಿಂದ ತೆಗೆಯುವಾಗ ಕಾರಣ ಕೊಡಬೇಕಾದರೆ, ಕೆಲಸಕ್ಕೆ ಸೇರಿಸಿಕೊಳ್ಳದಿರುವಾಗ ಯಾಕೆ ಬೇಡ?

"ಹಾಗಾದರೆ ಮಕ್ಕಳ ಮೇಲೆ ದೌರ್ಜನ್ಯ ಮಾಡಿದವನನ್ನು ಶಾಲಾ ವ್ಯಾನಿಗೆ ಡ್ರೈವರ್ ಮಾಡ್ತೀರಾ?" ಅಂತ ಕೇಳುವವರಿದ್ದಾರೆ. ಖಂಡಿತ ಇಲ್ಲ. ಮೂರನೇ ನಿಯಮ ಇರುವುದೇ ಅದಕ್ಕೆ. ಅಪರಾಧಕ್ಕೂ ಕೆಲಸಕ್ಕೂ ನೇರ ಸಂಬಂಧ ಇರುವಲ್ಲಿ ಬಾಗಿಲು ಮುಚ್ಚಲಿ. ಪೋಕ್ಸೊ ಶಿಕ್ಷೆಯಾದವನನ್ನೂ ವಿದ್ಯಾರ್ಥಿವೇತನ ಕೇಳಿ ರಸ್ತೆಗಿಳಿದವಳನ್ನೂ ಒಂದೇ ಕಾಲಂನಲ್ಲಿ ತುಂಬುವ ಈಗಿನ ಪದ್ಧತಿಯಿಂದ ಮಕ್ಕಳಿಗೇನೂ ರಕ್ಷಣೆ ಸಿಗುವುದಿಲ್ಲ.

ಶಿಕ್ಷೆ ಮುಗಿಸಿ ಬಂದವನಿಗೆ ಕೆಲಸ ಸಿಗದಿದ್ದರೆ ಅವನು ಹೋಗುವುದೆಲ್ಲಿಗೆ ಅನ್ನುವುದನ್ನೂ ಯೋಚಿಸಬೇಕು. ಶಿಕ್ಷೆ ಎಷ್ಟು ಅಂತ ತೀರ್ಮಾನಿಸುವುದು ನ್ಯಾಯಾಧೀಶರ ಕೆಲಸ. ಅದರ ಮೇಲೆ ಇನ್ನೊಂದು ಜೀವಾವಧಿಯನ್ನು ನೇಮಕಾತಿ ಗುಮಾಸ್ತರೋ ಎಚ್‌ಆರ್ ವಿಭಾಗವೋ ವಿಧಿಸುವಂತಿಲ್ಲ.

ಮುಂದಿನ ಸಲ ಓಟು ಕೇಳಲು ಬಂದವರ ಅಫಿಡವಿಟ್ ತೆಗೆದು ನೋಡಿ. ಅದರಲ್ಲಿ ಕೇಸುಗಳ ಪಟ್ಟಿ ಇದ್ದರೆ ಬೈಯುವುದಕ್ಕಿಂತ ಒಂದು ಪ್ರಶ್ನೆ ಕೇಳಿ: "ಸಾಬೀತಾಗದ ಕೇಸು ನಿಮಗೆ ಅಡ್ಡಿಯಲ್ಲ, ಸರಿ. ನಮಗೂ ಅದೇ ನಿಯಮ ಮಾಡ್ತೀರಾ?"